1 ಬಿಎಚ್‌ಕೆ ಬಾಡಿಗೆ ಮನೆ, ಗೋಡೆ ಹೆಚ್ಚು ಕೊರೆಯೋ ಹಾಗಿಲ್ಲ. ಸಾಮಾನು ಎಲ್ಲಿಡೋದು?

ಸಣ್ಣಮನೆ (ಪ್ರಶ್ನೆ):
ಬೆಂಗಳೂರು, ಎರಡನೇ ಮಹಡಿ. ಮಲಗೋ ಕೋಣೆ 10 × 11 ಅಡಿ, ಅಡುಗೆಮನೆ 6 × 8. ಕೋಣೆಯ ಒಂದು ಗೋಡೆಗೆ ಮಾತ್ರ ಸಜ್ಜಾ ಇದೆ: 7 ಅಡಿ ಎತ್ತರದಲ್ಲಿ, 2 ಅಡಿ ಆಳ. ಮಂಚ 5 ಅಡಿ ಅಗಲ, ಒಂದು ಬದಿ ಗೋಡೆಗೆ ತಾಗಿದೆ, ಕೆಳಗೆ 11 ಇಂಚು ಖಾಲಿ. ಇಡಬೇಕಾದ್ದು 25 ಕೆಜಿ ಅಕ್ಕಿ, ಎರಡು ಸೂಟ್‌ಕೇಸ್, ನಾಲ್ಕು ರಗ್ಗು, ದಸರಾ ಗೊಂಬೆ ಪೆಟ್ಟಿಗೆ, ರೇಷ್ಮೆ ಸೀರೆಗಳು, ಸುಮಾರು 150 ಪುಸ್ತಕ. ಓನರ್ ನಾಲ್ಕೈದು ತೂತಿಗಿಂತ ಹೆಚ್ಚು ಬಿಡಲ್ಲ. ಇನ್ನೊಂದು ಬೀರು ಹಿಡಿಸೋ ಜಾಗವಿಲ್ಲ.

ಉಳಿಸುತ್ತಿಗೆ:
ಮೊದಲು ಪುಸ್ತಕದ ವಿಷಯ. 150 ಪುಸ್ತಕ ಅಂದ್ರೆ ಹೆಚ್ಚುಕಮ್ಮಿ 12 ಅಡಿ ಸಾಲು. ಅಡಿಗೆ 8–10 ಕೆಜಿ ಹಿಡಿದರೂ ಒಂದು ಕ್ವಿಂಟಾಲ್ ಹತ್ತಿರ ಆಯ್ತು. ಇದನ್ನ ಸಜ್ಜಾ ಮೇಲೆ ಪೇರಿಸಬೇಡಿ. ಸಜ್ಜಾ ಅನ್ನೋದು ಒಂದೇ ಕಡೆ ಹಿಡಿತ ಇರೋ ತೆಳು ಹಲಗೆ. ಭಾರ ತುದಿಗೆ ಬಂದಷ್ಟೂ ಬುಡದಲ್ಲಿ ಬಿರುಕು ಬಿಡುತ್ತೆ. ಅಲ್ಲಿಗೆ ಹಗುರವಾದ, ವರ್ಷಕ್ಕೊಂದೆರಡು ಸಲ ತೆಗೆಯೋ ಸಾಮಾನು ಹೋಗಲಿ. ಗೊಂಬೆ ಪೆಟ್ಟಿಗೆ ಒಳಗೆ ಗೋಡೆ ಕಡೆ, ಸೂಟ್‌ಕೇಸ್ ಮುಂದೆ. ಖಾಲಿ ಸೂಟ್‌ಕೇಸ್ ಇಡೋದು ದಂಡ, ರಗ್ಗುಗಳನ್ನ ಅದರೊಳಗೇ ತುಂಬಿ. ರಟ್ಟಿನ ಪೆಟ್ಟಿಗೆ ಬೇಡ. ಜಿರಲೆಗೆ ಅದರ ಮಡಿಕೆಗಳೇ ಮನೆ. ಮುಚ್ಚಳ ಇರೋ ಪ್ಲಾಸ್ಟಿಕ್ ಕ್ರೇಟ್ ತಗೊಳ್ಳಿ.

ಸಜ್ಜಾಗೆ ಪರದೆ ಬೇಕಾದ್ರೆ ಸ್ಪ್ರಿಂಗ್ ವೈರ್ ಸಾಕು, ಆದರೆ 5 ಅಡಿ ದಾಟಿದರೆ ನಡುವೆ ಜೋಲುತ್ತೆ. ಮಧ್ಯಕ್ಕೊಂದು ಹುಕ್ ಹಾಕಿ. ಅಲ್ಲಿಗೆ ಮೂರು ತೂತು ಲೆಕ್ಕ.

ಮಂಚದ ಕೆಳಗೆ 11 ಇಂಚು ಇದೆ ಅಂತ 11 ಇಂಚಿನ ಪೆಟ್ಟಿಗೆ ತಂದು ಮೋಸ ಹೋಗೋರೇ ಜಾಸ್ತಿ. ಚಕ್ರಕ್ಕೆ 2 ಇಂಚು ಕಳೀರಿ, ಹಾಸಿಗೆಭಾರಕ್ಕೆ ಹಲಗೆ ಬಗ್ಗೋದಕ್ಕೆ ಅರ್ಧ ಇಂಚು ಕಳೀರಿ. ಪೆಟ್ಟಿಗೆ ಎಂಟೂವರೆ ಇಂಚು ಮೀರಬಾರದು. ನಿಮ್ಮ ಮಂಚಕ್ಕೆ ಒಂದೇ ಕಡೆ ದಾರಿ ಇರೋದರಿಂದ ಎರಡು ಸಾಲು ಬರುತ್ತೆ. ಹಿಂದಿನ ಸಾಲಿನ ಪೆಟ್ಟಿಗೆಗೆ ನೈಲಾನ್ ಹಗ್ಗ ಕಟ್ಟಿ, ತುದಿಯನ್ನ ಮಂಚದ ಮುಂದಿನ ಕಾಲಿಗೆ ಸುತ್ತಿಡಿ. ಇಲ್ಲಾಂದ್ರೆ ಆ ಸಾಲು ಮರೆತೇ ಹೋಗುತ್ತೆ.

ಒಗ್ಗರಣೆಡಬ್ಬಿ:
ಅಕ್ಕಿ 25 ಕೆಜಿಗೆ ಸುಮಾರು 31 ಲೀಟರ್ ಜಾಗ ಬೇಕು, ಅಂದರೆ 35 ಲೀಟರ್ ಡ್ರಮ್. ಅದು ಕಟ್ಟೆ ಕೆಳಗೇ ಇರಲಿ, ಆದರೆ ಸಿಂಕ್ ಕೆಳಗೆ ಬೇಡ. ಪೈಪ್ ಜಿನುಗೋದು ಗೊತ್ತಾಗೋ ಹೊತ್ತಿಗೆ ತಳದ ಅಕ್ಕಿ ಮುಗ್ಗಿರುತ್ತೆ. ಸಿಂಕ್ ಕೆಳಗೆ ಪೊರಕೆ, ಫಿನಾಯಿಲ್ ಇಟ್ಟರೆ ಸಾಕು. ಸಿಲಿಂಡರ್ ಇರೋ ಗೂಡಿಗೆ ಡಬ್ಬಿ ತುರುಕಿ ಬಾಗಿಲು ಹಾಕೋದು ಬೇಡವೇ ಬೇಡ. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲೇ ನಿಲ್ಲುತ್ತೆ. ಗಾಳಿ ಆಡೋ ಕಿಂಡಿ ಕೆಳಗಡೆ ಇರಬೇಕು.

ಅಡುಗೆಮನೆ ಬಾಗಿಲ ಹಿಂದೆ 4 ಇಂಚು ಸಿಕ್ಕರೂ ಮಸಾಲೆ ಡಬ್ಬಿ ಸಾಲು ಕೂರುತ್ತೆ. ಫ್ಲಶ್ ಡೋರ್‌ಗೆ (ಎರಡೂ ಕಡೆ ಸಪಾಟು ಹಲಗೆ ಅಂಟಿಸಿದ ಬಾಗಿಲು) ಸ್ಕ್ರೂ ಹೊಡೀಬೇಡಿ, ಒಳಗೆ ಟೊಳ್ಳಿದ್ದರೆ ಕಿತ್ತುಬರುತ್ತೆ. ಮೇಲಿಂದ ನೇತುಹಾಕೋ ಸ್ಟ್ಯಾಂಡ್ ತಗೊಳ್ಳಿ. ಕೊಳ್ಳೋ ಮುಂಚೆ ಬಾಗಿಲು ಮತ್ತು ಚೌಕಟ್ಟಿನ ನಡುವೆ ಎಟಿಎಂ ಕಾರ್ಡ್ ಎರಡು ಜೋಡಿಸಿ ತೂರಿಸಿ ನೋಡಿ. ತೂರದಿದ್ದರೆ ಹುಕ್ ಹಾಕಿದ ಮೇಲೆ ಬಾಗಿಲು ಮುಚ್ಚಲ್ಲ.

ರೇಷ್ಮೆ ಸೀರೆ ಪ್ಲಾಸ್ಟಿಕ್ ಕವರಲ್ಲಿ ಬೇಡ. ಹಳೇ ಹತ್ತಿ ಪಂಚೆಯಲ್ಲಿ ಸುತ್ತಿ ಬೀರುವಿನಲ್ಲೇ ಇಡಿ, ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ನುಸಿಗುಳಿಗೆ ಜರಿಗೆ ತಾಗಬಾರದು.

ಮಳೆಗಾಲ:
ರಗ್ಗಿಗೆ ಒಂದು ಮಾತು ಸೇರಿಸ್ತೀನಿ. ಬಿಸಿಲಿಗೆ ಹಾಕಿ, ಆಮೇಲೆ ನೆರಳಲ್ಲಿ ಪೂರ್ತಿ ಆರಿಸಿ ತುಂಬಿ. ಬಿಸಿಬಿಸಿ ಮಡಚಿದರೆ ಒಳಗೆ ತೇವ ಕೂತು ಮುಗ್ಗಲು ವಾಸನೆ ಬರುತ್ತೆ. ಗಾಳಿ ಎಳೆಯೋ ವ್ಯಾಕ್ಯೂಮ್ ಚೀಲ ಹತ್ತಿ ರಗ್ಗಿಗೆ ಸರಿ, ಉಣ್ಣೆಯದನ್ನ ಅದರಲ್ಲಿ ವರ್ಷಗಟ್ಟಲೆ ಬಿಡಬೇಡಿ. ಹೊರಗೋಡೆಗೆ ಒರಗಿಸಿಡೋ ಯಾವುದಕ್ಕೂ ಹಿಂದೆ 2 ಇಂಚು ಬಿಡಿ.

ಸಣ್ಣಮನೆ:
ಧನ್ಯವಾದ. ಪುಸ್ತಕಕ್ಕೆ ಗೋಡೆ ಶೆಲ್ಫ್ ಆಗಬಹುದಾ? ಬಾತ್‌ರೂಮ್ ಕಡೆ ಗೋಡೆ ತಟ್ಟಿದರೆ ಡಬಡಬ ಅನ್ನುತ್ತೆ.

ಉಳಿಸುತ್ತಿಗೆ:
ಅದು ಟೊಳ್ಳು ಬ್ಲಾಕ್ ಇರಬಹುದು, ಇಲ್ಲವೇ ಗಾರೆ ಬಿಟ್ಟಿರಬಹುದು. ಎರಡರಲ್ಲೂ ಪ್ಲಗ್ (ಸ್ಕ್ರೂ ಹಿಡಿಯೋಕೆ ತೂತಿಗೆ ತುರುಕೋ ಪ್ಲಾಸ್ಟಿಕ್ ಕೊಳವೆ) ನಿಲ್ಲಲ್ಲ, ಸ್ಕ್ರೂ ಸುಮ್ಮನೆ ತಿರುಗುತ್ತಾ ಇರುತ್ತೆ. ಸಾಲದ್ದಕ್ಕೆ ಅಲ್ಲಿ ನೀರಿನ ಪೈಪ್ ಬೇರೆ. ಆ ಗೋಡೆ ಬಿಟ್ಟುಬಿಡಿ.

ನೆಲದ ಮೇಲೆ ನಿಲ್ಲೋ, ಉದ್ದಕ್ಕೂ ತೂತಿರೋ ಕಬ್ಬಿಣದ ಪಟ್ಟಿಗಳನ್ನ ಬೋಲ್ಟ್ ಹಾಕಿ ಜೋಡಿಸೋ ಸ್ಲಾಟೆಡ್ ಆ್ಯಂಗಲ್ ರ‍್ಯಾಕ್ ಮಾಡಿಸಿ: 6 ಅಡಿ ಎತ್ತರ, 3 ಅಡಿ ಅಗಲ, 12 ಇಂಚು ಆಳ, ಐದು ತಟ್ಟೆ. ನಾಲ್ಕು ತಟ್ಟೆಗೆ ನಿಮ್ಮ ಪುಸ್ತಕ ಅಷ್ಟೂ ಹಿಡಿಸುತ್ತೆ. ದಪ್ಪನೆಯವು ಕೆಳಗಿನ ತಟ್ಟೆಗೆ. ಪ್ಲೈವುಡ್ ತಟ್ಟೆಯೇ ಬೇಕಂದ್ರೆ 18 ಎಂಎಂ ಹಾಕಿಸಿ, 3 ಅಡಿಗೆ ನಡುವೆ ಒಂದು ಆಸರೆ ಕೊಡಿ. ಪಾರ್ಟಿಕಲ್ ಬೋರ್ಡ್ ಪುಸ್ತಕದ ಭಾರಕ್ಕೆ ಬಾಗಿ ಹಾಗೇ ಉಳಿಯುತ್ತೆ. ಕಾಲಿಗೆ ಪ್ಲಾಸ್ಟಿಕ್ ಬೂಟು ಇರಲಿ, ಇಲ್ಲಾಂದ್ರೆ ಟೈಲ್ಸ್ ಮೇಲೆ ತುಕ್ಕಿನ ಕಲೆ ಬಿದ್ದು ಅಡ್ವಾನ್ಸ್‌ನಲ್ಲಿ ಮುರ್ಕೋತಾರೆ.

ಉಳಿದ ಒಂದು ತೂತು ಇದಕ್ಕೇ ಖರ್ಚು ಮಾಡಿ. ರ‍್ಯಾಕ್ ಮುಂದಕ್ಕೆ ಮಗುಚದ ಹಾಗೆ ಮೇಲ್ತುದಿಯನ್ನ ಗಟ್ಟಿ ಗೋಡೆಗೆ ಬಿಗೀಬೇಕು. 8 ಎಂಎಂ ಬಿಟ್, 8 ಎಂಎಂ ಪ್ಲಗ್, 60 ಎಂಎಂ ಸ್ಕ್ರೂ. ಗಾರೆಯೇ ಅರ್ಧ ಇಂಚು ತಿಂದುಬಿಡುತ್ತೆ, ಅದಕ್ಕೇ 35 ಎಂಎಂ ಸಾಲಲ್ಲ. ಸ್ವಿಚ್‌ಬೋರ್ಡ್‌ನ ನೇರ ಮೇಲೆ, ನೇರ ಕೆಳಗೆ ಕೊರೀಬೇಡಿ, ವೈರ್ ಪೈಪ್ ಅಲ್ಲೇ ಇಳಿದಿರುತ್ತೆ.