ಹಳ್ಳದ ದಂಡೆಯ ಮರ ತೆಗೆಸಿ ಕಬ್ಬು ಹಾಕಬಹುದೇ?

ಪ್ರಶ್ನೆ (ಪಾಂಡವಪುರ ತಾಲ್ಲೂಕಿನಿಂದ):
ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೆಳಗಿರುವ ನಮ್ಮ ಗದ್ದೆಯ ತುದಿಯಲ್ಲಿ ಲೋಕಪಾವನಿ ಹೊಳೆಗೆ ಸೇರುವ ಹಳ್ಳವೊಂದಿದೆ. ಅದರ ದಂಡೆಯ ಹೊಂಗೆ, ನೇರಳೆ, ಲಕ್ಕಿ ಗಿಡಗಳನ್ನು ತೆಗೆಸಿ ಕಬ್ಬು ಹಾಕೋಣವೆಂದು ಅಣ್ಣ ಹೇಳುತ್ತಿದ್ದಾರೆ; ಅಕ್ಕಪಕ್ಕದವರು ಆಗಲೇ ಹಾಗೆ ಮಾಡಿದ್ದಾರೆ. ಆದರೆ ಎರಡು ವರ್ಷಗಳಿಂದ ನಮ್ಮ ಕೆಳಗದ್ದೆಯಲ್ಲಿ ಬೇಸಿಗೆ ಬಂತೆಂದರೆ ಸುಣ್ಣ ಚೆಲ್ಲಿದಂತೆ ಬಿಳಿ ಪೊರೆ ಕಟ್ಟುತ್ತಿದೆ, ಕೂಳೆ ಕಬ್ಬು ಮೊಣಕಾಲೆತ್ತರಕ್ಕೇ ನಿಂತುಹೋಗುತ್ತಿದೆ. ಇವೆರಡಕ್ಕೂ ಸಂಬಂಧವಿದೆಯೇ?

ಉತ್ತರ 1 (ಮಂಡ್ಯ):
ಸಂಬಂಧವಿದೆ ಸರ್. ಅದು ಸವಳು, ಅಂದರೆ ಮಣ್ಣಿನಲ್ಲಿ ಉಪ್ಪು ಸೇರಿಕೊಳ್ಳುವುದು. ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದಲ್ಲಿ ನಾಲೆಗೆ ಬಂದ ಮೇಲೆ ರಾಗಿಯ ಹೊಲಗಳು ಗದ್ದೆಗಳಾದವು, ಅದರಿಂದ ನಮ್ಮ ಮನೆಗಳು ಬೆಳಗಿದವು. ಆದರೆ ಹಾಯಿಸಿದ ನೀರಿಗೆ ಹೊರಗೆ ಹೋಗುವ ದಾರಿ ಇಲ್ಲದಿದ್ದರೆ ಅಂತರ್ಜಲ ಬೇರಿನವರೆಗೆ ಏರುತ್ತದೆ, ಬಿಸಿಲಿಗೆ ನೀರು ಆವಿಯಾಗಿ ಅದರಲ್ಲಿ ಕರಗಿದ್ದ ಉಪ್ಪು ಮೇಲ್ಮಣ್ಣಿನಲ್ಲೇ ಉಳಿಯುತ್ತದೆ. ನಿಮ್ಮ ಗದ್ದೆಯ ನೀರು ಬಸಿದುಹೋಗಬೇಕಾದದ್ದು ಆ ಹಳ್ಳಕ್ಕೇ. ದಂಡೆಯನ್ನು ಉತ್ತರೆ ಮಣ್ಣು ಕುಸಿದು ಹಳ್ಳ ಹೂಳುತ್ತದೆ, ಸವಳು ಮೇಲಿನ ಗದ್ದೆಗೂ ಹತ್ತುತ್ತದೆ.

ಉತ್ತರ 2 (ಶ್ರೀರಂಗಪಟ್ಟಣ):
ಹೊಳೆಯ ಪರವಾಗಿಯೂ ಒಂದು ಮಾತು. ಲೋಕಪಾವನಿ ಕರಿಘಟ್ಟದ ಬಳಿ ಕಾವೇರಿಯನ್ನು ಸೇರುವುದರಿಂದ, ನಿಮ್ಮ ಹಳ್ಳಕ್ಕಿಳಿದ ಯೂರಿಯಾ ಅಲ್ಲಿಗೇ ನಿಲ್ಲುವುದಿಲ್ಲ. ಗೊಬ್ಬರದ ಸಾರ ಸಿಕ್ಕಿದ ನಿಂತ ನೀರಿನಲ್ಲಿ ಅಂತರಗಂಗೆ ಎಂಬ ತೇಲುವ ಕಳೆ ಚಾಪೆ ಹಾಸಿದಂತೆ ಹರಡುತ್ತದೆ, ಅದು ಕೊಳೆತಾಗ ನೀರಿನ ಆಮ್ಲಜನಕ ಇಳಿದು ಮೀನು ಬಾಯಿ ತೆರೆದು ಮೇಲಕ್ಕೆ ಬರುತ್ತದೆ. ದಂಡೆಯ ಮರದ ಬೇರುಗಳು ಆ ಸಾರವನ್ನು ಹೀರಿಕೊಂಡು ಮಣ್ಣನ್ನೂ ಹಿಡಿದಿಡುತ್ತವೆ. ಕಾವೇರಿಯ ನೀರುನಾಯಿಗಳು ಇಂಥ ಪೊದೆ ದಂಡೆಗಳಲ್ಲೂ ಬಿಲ ಮಾಡುತ್ತವೆ. ದಂಡೆ ಬೋಳಾದರೆ ಅವುಗಳಿಗೆ ಆ ಜಾಗವೂ ಹೋಗುತ್ತದೆ ಎನ್ನುವುದು ನನ್ನನ್ನು ಬಹಳ ಕಾಡುತ್ತದೆ.

ಉತ್ತರ 3 (ಮದ್ದೂರು):
ನಾನು ಯಾರದೋ ಮಾತು ಕೇಳಿ, ಮಣ್ಣು ಪರೀಕ್ಷೆ ಮಾಡಿಸದೆ ಜಿಪ್ಸಂ ಸುರಿದು ಹಣ ಕಳೆದುಕೊಂಡವನು. ಜಿಪ್ಸಂ ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣಿಗೆ ಔಷಧಿ, ಬರೀ ಉಪ್ಪಿನ ಸವಳಿಗಲ್ಲ. ಅಲ್ಲಿಯೂ ನೀರು ಬಸಿಯದಿದ್ದರೆ ಫಲವಿಲ್ಲ. ಕೊನೆಗೆ ಗದ್ದೆಯ ಅಂಚಿನಲ್ಲಿ ಮೂರಡಿ ಆಳದ ಬಸಿಗಾಲುವೆ ತೋಡಿಸಿ, ಮಳೆಗಾಲದಲ್ಲಿ ನೀರು ಕಟ್ಟಿ ಬಿಟ್ಟು ಉಪ್ಪು ತೊಳೆಸಿ, ಒಂದು ಬೆಳೆ ಡಯಂಚ ಎಂಬ ಹಸಿರೆಲೆ ಗೊಬ್ಬರದ ಗಿಡ ಬಿತ್ತಿ ಹೂ ಬರುವಾಗ ಉತ್ತು ಮಣ್ಣಿಗೆ ಸೇರಿಸಿದೆ. ಈಗ ಭತ್ತ ಬರುತ್ತಿದೆ, ಕಬ್ಬಿಗೆ ಇನ್ನೂ ಧೈರ್ಯವಿಲ್ಲ. ನಿಮ್ಮ ಅಣ್ಣನವರನ್ನು ಬೆಳಗಿನ ಹೊತ್ತು ಕೆಳಗದ್ದೆಗೆ ಕರೆದೊಯ್ದು, ಎರಡಡಿ ಗುಂಡಿ ತೆಗೆದು ಸಂಜೆ ಮತ್ತೆ ನೋಡಲು ಹೇಳಿ. ಅದರಲ್ಲಿ ನೀರು ಜಿನುಗಿ ನಿಂತಿದ್ದರೆ, ಮರ ಕಡಿಯುವ ಕೂಲಿಯ ಹಣದಲ್ಲಿ ಮೊದಲು ಬಸಿಗಾಲುವೆ ತೋಡಿಸಿ.