‘ಬ್ಯಾಕ್‌ಸ್ಪೇಸಿಂಗ್’ಗೆ ‘ಒಳಬದಿ ಆಳ’ ಎನ್ನಬಹುದೇ?

ಡ್ರಮ್ ಬ್ರೇಕ್ ಇರುವ ಹಳೆಯ ಕಾರುಗಳಿಗೆ ಬೇರೆ ಚಕ್ರ ಹಾಕಿಸುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ರಿಮ್, ಡ್ರಮ್, ಹಬ್, ನಟ್ಟು, ಬೋಲ್ಟು ಎಲ್ಲರ ಬಾಯಲ್ಲೂ ಇರುವ ಮಾತುಗಳು. ಅವನ್ನು ಹಾಗೇ ಇಟ್ಟುಕೊಂಡಿದ್ದೇನೆ. ಕೈ ನಿಂತಿರುವುದು ರಿಮ್ಮಿನ ಒಳ ಅಂಚಿನಿಂದ ಹಬ್ಬಿಗೆ ಒತ್ತಿ ಕೂರುವ ಮುಖದವರೆಗಿನ ಅಳತೆ, ಅಂದರೆ ‘ಬ್ಯಾಕ್‌ಸ್ಪೇಸಿಂಗ್’ ಹತ್ತಿರ.

ಮೊದಲಿಗೆ ‘ಹಿಂದಿನ ಅಂತರ’ ಎಂದು ಬರೆಯೋಣ ಅನ್ನಿಸುತ್ತದೆ. ಆದರೆ ಗಾಡಿಯ ವಿಷಯದಲ್ಲಿ ‘ಹಿಂದಿನ’ ಅಂದರೆ ಹಿಂದಿನ ಚಕ್ರ ಅಂತಲೇ ಓದಿಕೊಳ್ಳುತ್ತಾರೆ, ಅಲ್ವಾ? ‘ಮುಂದಿನ ಚಕ್ರದ ಹಿಂದಿನ ಅಂತರ’ ಎಂದು ಬರೆದರೆ ಓದುವವರು ಮುಂದಕ್ಕೆ ಹೋಗದೆ ಅಲ್ಲೇ ನಿಲ್ಲುತ್ತಾರೆ. ಎರಡು ಚಕ್ರಗಳ ನಡುವಿನ ದೂರ ಎಂದು ತಿಳಿದರೂ ಅದು ಅವರ ತಪ್ಪಲ್ಲ. ‘ಅಂತರ’ ಕೂಡ ಸರಿಹೋಗುತ್ತಿಲ್ಲ. ಅದು ಎರಡು ವಸ್ತುಗಳ ನಡುವೆ ಖಾಲಿ ಇರುವ ಜಾಗವನ್ನು ನೆನಪಿಸುತ್ತದೆ. ಬ್ಯಾಕ್‌ಸ್ಪೇಸಿಂಗ್ ಹಾಗಲ್ಲ. ಅದು ರಿಮ್ಮಿನದೇ ಅಳತೆ. ರಿಮ್ ಕಾರಿಗೆ ಹಾಕಿರಲಿ, ನೆಲದ ಮೇಲಿರಲಿ, ಬದಲಾಗುವುದಿಲ್ಲ.

ಅಳೆಯುವ ಬಗೆ ನೋಡಿದರೆ ಪದ ತಾನಾಗಿಯೇ ಸಿಗುತ್ತದೆ ಅನ್ನಿಸುತ್ತದೆ. ಟೈರ್ ಇಲ್ಲದ ರಿಮ್ಮನ್ನು ಹೊರಮುಖ ಕೆಳಗಾಗುವಂತೆ ನೆಲಕ್ಕೆ ಮಲಗಿಸಬೇಕು. ಈಗ ಕಾರಿನ ಕಡೆಗಿರುವ ಬದಿ ಮೇಲಾಯಿತು. ಆ ಬದಿಯ ಅಂಚಿನ ಮೇಲೆ ಅಡ್ಡಲಾಗಿ ಒಂದು ನೇರವಾದ ಪಟ್ಟಿ ಇಡಬೇಕು. ಪಟ್ಟಿಯಿಂದ ಕೆಳಕ್ಕೆ, ಬೋಲ್ಟಿನ ತೂತುಗಳಿರುವ, ಹಬ್ಬಿಗೆ ಒತ್ತಿ ಕೂರುವ ಮುಖದವರೆಗೆ ಅಳೆಯಬೇಕು. ಬೋಗುಣಿಯ ಆಳ ನೋಡುವ ಹಾಗೆಯೇ ಇದು. ಪಟ್ಟಿ ರಿಮ್ಮಿನ ಅಂಚಿನ ಮೇಲೇ ಕೂರಬೇಕು. ಟೈರ್ ಹಾಕಿದ್ದರೆ ಅದು ಉಬ್ಬಿಕೊಂಡು ಪಟ್ಟಿಯನ್ನು ಎತ್ತುತ್ತದೆ, ಅಳತೆ ಜಾಸ್ತಿ ಬರುತ್ತದೆ. ಇಷ್ಟು ಮಾಡಿದ ಮೇಲೆ ಇದನ್ನು ‘ಆಳ’ ಅನ್ನದೆ ಬೇರೇನು ಅನ್ನುವುದು? ಕಾರಿನ ಕಡೆಯ ಬದಿಗೆ ‘ಒಳಬದಿ’ ಎನ್ನುವುದು ವಾಡಿಕೆ. ಹಾಗಾಗಿ ‘ಒಳಬದಿ ಆಳ’. ಹಬ್ಬಿಗೆ ಒತ್ತುವ ಮುಖಕ್ಕೆ ಸದ್ಯಕ್ಕೆ ‘ಕೂರುವ ಮುಖ’ ಎಂದು ಬರೆದಿದ್ದೇನೆ.

ಇದಕ್ಕೆ ಅಡ್ಡ ಬರುವುದು ‘ಆಫ್‌ಸೆಟ್’. ಅದು ರಿಮ್ಮಿನ ಅಗಲದ ನಟ್ಟನಡುವಿನಿಂದ ಕೂರುವ ಮುಖ ಎಷ್ಟು ಸರಿದಿದೆ ಅನ್ನುವ ಲೆಕ್ಕ. ಮುಖ ಹೊರಬದಿಗೆ ಸರಿದಿದ್ದರೆ ಪ್ಲಸ್, ಒಳಬದಿಗೆ ಸರಿದಿದ್ದರೆ ಮೈನಸ್. ರಿಮ್ಮಿನ ಮೇಲೆ ‘ಇಟಿ 35’ ಎಂದು ಅಚ್ಚಾಗಿದ್ದರೆ ಅದು ಆಫ್‌ಸೆಟ್, ಮಿಲಿಮೀಟರಿನಲ್ಲಿ. ಆ ‘ಇಟಿ’ ಜರ್ಮನ್ನಿನ ‘ಐನ್‌ಪ್ರೆಸ್‌ಟೀಫೆ’ಯ ಚುಟುಕು, ಅಲ್ಲಿ ‘ಟೀಫೆ’ ಅಂದರೆ ಆಳವೇ! ಅವರು ಆಫ್‌ಸೆಟ್ಟಿಗೆ ಆಳ ಅಂದರು, ನಾನು ಬ್ಯಾಕ್‌ಸ್ಪೇಸಿಂಗಿಗೆ ಆಳ ಅನ್ನಲು ಹೊರಟಿದ್ದೇನೆ. ಕನ್ನಡದಲ್ಲಿ ಓದುವವರಿಗೆ ಇದರಿಂದ ಗೊಂದಲ ಆಗಲಾರದು ಎಂದುಕೊಂಡಿದ್ದೇನೆ. ಆಫ್‌ಸೆಟ್ಟಿಗೆ ‘ನಡುಸರಿತ’ ಎಂಬ ಪದ ಹೊಳೆದಿದೆ, ಆದರೆ ಅದನ್ನು ಬಳಸಲು ಇನ್ನೂ ಧೈರ್ಯ ಬಂದಿಲ್ಲ.

ಎರಡಕ್ಕೂ ಬೇರೆ ಬೇರೆ ಹೆಸರು ಬೇಕೇ ಬೇಕು. 6 ಇಂಚು ಅಗಲದ ರಿಮ್ ತೆಗೆದು 7 ಇಂಚಿನದು ಹಾಕುತ್ತೀರಿ ಎಂದುಕೊಳ್ಳಿ. ಒಳಬದಿ ಆಳ ಮೊದಲಿನಷ್ಟೇ ಇದ್ದರೆ ಒಳ ಅಂಚು ಇದ್ದಲ್ಲೇ ಇರುತ್ತದೆ, ಹೆಚ್ಚಿದ 1 ಇಂಚು ಪೂರ್ತಿ ಹೊರಗೆ ಹೋಗುತ್ತದೆ. ಆಫ್‌ಸೆಟ್ ಮೊದಲಿನಷ್ಟೇ ಇದ್ದರೆ ಒಳಗೆ ಅರ್ಧ, ಹೊರಗೆ ಅರ್ಧ. ಮೊದಲನೆಯದರಲ್ಲಿ ಟೈರ್ ಮಡ್‌ಗಾರ್ಡಿಗೆ ಉಜ್ಜಬಹುದು, ಎರಡನೆಯದರಲ್ಲಿ ಒಳಗಿನ ಸಸ್ಪೆನ್ಷನ್ನಿಗೋ ಸ್ಟೀರಿಂಗಿನ ಟೈ ರಾಡಿಗೋ ತಾಗಬಹುದು. ಇನ್ನೊಂದು ಮಾತು. 7 ಇಂಚು ಅನ್ನುವುದು ಟೈರ್ ಕೂರುವ ಜಾಗದ ಅಗಲ. ಎರಡು ಕಡೆಯ ಅಂಚೂ ಸೇರಿದರೆ ಸುಮಾರು 8 ಇಂಚಾಗುತ್ತದೆ. ಹಾಗಾಗಿ ಆಫ್‌ಸೆಟ್ ಸೊನ್ನೆ ಇದ್ದರೆ ಒಳಬದಿ ಆಳ ಸುಮಾರು 4 ಇಂಚು. ಪ್ಲಸ್ 25 ಮಿಲಿಮೀಟರ್ ಇದ್ದರೆ ಹತ್ತಿರ ಹತ್ತಿರ 5 ಇಂಚು. ರಿಮ್ಮಿಗೂ ಹಬ್ಬಿಗೂ ನಡುವೆ ಸ್ಪೇಸರ್ ಎಂಬ ಬಿಲ್ಲೆ ಹಾಕಿದರೆ, ಲೆಕ್ಕ ಮಾಡುವಾಗ ಒಳಬದಿ ಆಳದಿಂದ ಅದರ ದಪ್ಪದಷ್ಟು ಕಳೆಯಬೇಕು.

ಇನ್ನು ಡ್ರಮ್ಮಿಗೆ ಬರೋಣ. ‘ರಿಮ್ ಡ್ರಮ್ಮನ್ನು ಕ್ಲಿಯರ್ ಮಾಡುತ್ತದೆ’ ಎಂಬುದನ್ನು ಕನ್ನಡ ಮಾಡಲು ‘ದಾಟುತ್ತದೆ’, ‘ಮೀರುತ್ತದೆ’ ಎಲ್ಲ ಹಾಕಿ ನೋಡಿದೆ. ಯಾವುದೂ ಕೂರಲಿಲ್ಲ. ನಮ್ಮಲ್ಲಿ ಇದು ನಿಷೇಧ ರೂಪದಲ್ಲೇ ಬರುತ್ತದೆ: ‘ಡ್ರಮ್ಮಿಗೆ ತಾಗದೆ ಕೂರುತ್ತದೆ’. ಇದಕ್ಕಿಂತ ಒಳ್ಳೆಯದು ಬೇಕಾಗಿಲ್ಲ. ತಾಗದೆ ಉಳಿಯುವ ಆ ಜಾಗಕ್ಕೆ ‘ಸಂದು’ ಸಾಕು. ಹೀಗಾಗಿ ‘ಆಳ’ ರಿಮ್ಮಿನದು, ‘ಸಂದು’ ರಿಮ್ಮಿಗೂ ಡ್ರಮ್ಮಿಗೂ ನಡುವಿನದು. ಈ ಭೇದ ಕೈಪಿಡಿಯಲ್ಲಿ ಎಲ್ಲೂ ಕಲಸಿಹೋಗಬಾರದು.

ಏಕೆಂದರೆ ಆಳ ಸರಿಯಿದ್ದರೂ ಸಂದು ಇಲ್ಲದಿರಬಹುದು. 11 ಇಂಚಿನ ಡ್ರಮ್ ಅಂದರೆ ಲೈನರ್ ಉಜ್ಜುವ ಒಳಮೈಯ ವ್ಯಾಸ. ಗೋಡೆಯ ದಪ್ಪ, ತೆರೆದ ಬದಿಯ ದಿಂಡು ಸೇರಿದರೆ ಹೊರಗೆ ಅದಕ್ಕಿಂತ ದೊಡ್ಡದು. 14 ಇಂಚಿನ ರಿಮ್ ಅಂದರೆ ಟೈರ್ ಕೂರುವ ಕಡೆಯ ವ್ಯಾಸ. ರಿಮ್ಮಿನ ಒಳಗೆ ಅದಕ್ಕಿಂತ ಚಿಕ್ಕದು. 14ರಲ್ಲಿ 11 ಕಳೆದು, ಸುತ್ತಲೂ ಒಂದೂವರೆ ಇಂಚು ಸಂದು ಇದೆ ಎಂದು ನಂಬಿದರೆ ಕೆಟ್ಟಂತೆ. ಟೈರ್ ತೊಡಿಸುವಾಗ ಅದರ ಅಂಚು ಇಳಿಯಲೆಂದು ರಿಮ್ಮಿನ ಸುತ್ತ ಒಂದು ತಗ್ಗು ಇರುತ್ತದೆ. ಹೊರಗಿನಿಂದ ಅದು ತಗ್ಗು, ಒಳಗಿನಿಂದ ಉಬ್ಬು. ರಿಮ್ ಒಳಗೆ ತೀರಾ ಕಿರಿದಾಗುವುದು ಅಲ್ಲೇ. ಆ ಉಬ್ಬು ಡ್ರಮ್ಮಿನ ದಪ್ಪ ಭಾಗದ ಮೇಲೆ ಬಂತೋ, ತಾಗುತ್ತದೆ. ಒಳಗೆ ಅಂಟಿಸಿದ ಬ್ಯಾಲೆನ್ಸಿಂಗ್ ತೂಕಗಳೂ ಹೀಗೇ ತಾಗುತ್ತವೆ. ರಿಮ್ಮಿನ ಸುತ್ತಲಿನ ಆ ತಗ್ಗನ್ನು ‘ನಡುತಗ್ಗು’ ಎಂದು ಕರೆದಿದ್ದೆ. ಆದರೆ ಎಷ್ಟೋ ರಿಮ್ಮುಗಳಲ್ಲಿ ಅದು ನಡುವಿನಲ್ಲಿ ಇರುವುದೇ ಇಲ್ಲ, ಒಂದು ಬದಿಗೆ ಇರುತ್ತದೆ. ಬರೀ ‘ರಿಮ್ಮಿನ ತಗ್ಗು’ ಸಾಕೆನ್ನಿಸುತ್ತದೆ.

ಕೊನೆಗೆ, ಟೈರ್ ತೊಡಿಸುವ ಮೊದಲೇ ಬರೀ ರಿಮ್ಮನ್ನು ಹಬ್ಬಿಗೆ ಕೂರಿಸಿ, ಎಲ್ಲ ನಟ್ಟು ಬಿಗಿದು, ಕೈಯಲ್ಲಿ ಒಂದು ಸುತ್ತು ತಿರುಗಿಸಿ ನೋಡಿ ಎಂದು ಬರೆದಿದ್ದೇನೆ. ನಟ್ಟು ಪೂರ್ತಿ ಬಿಗಿಯದೆ ನೋಡಿದರೆ ಪ್ರಯೋಜನವಿಲ್ಲ. ಮುಂದಿನ ಚಕ್ರವಾದರೆ ಸ್ಟೀರಿಂಗನ್ನು ಎರಡೂ ಕಡೆಗೆ ಕೊನೆಯವರೆಗೆ ತಿರುಗಿಸಿಯೂ ನೋಡಬೇಕು.

ರಿಮ್ ಬಿಚ್ಚಿ ಹಾಕುವ ಕೆಲಸ ಹತ್ತಿರದಿಂದ ಬಲ್ಲವರನ್ನೇ ಮುಖ್ಯವಾಗಿ ಕೇಳುತ್ತಿದ್ದೇನೆ. ‘ಒಳಬದಿ ಆಳ 4 ಇಂಚು’ ಎಂದು ಓದಿದರೆ ಎಲ್ಲಿಂದ ಎಲ್ಲಿಗೆ ಅಳೆಯಬೇಕು ಎಂದು ಕೂಡಲೇ ಹೊಳೆಯುತ್ತದೆಯೇ? ಹಬ್ಬಿನ ನಡುವಿನ ತೂತಿನ ಆಳ ಎಂದು ತಪ್ಪು ತಿಳಿಯುವ ಸಂಭವ ಇದೆಯೇ? ‘ಕೂರುವ ಮುಖ’ಕ್ಕೆ ಗ್ಯಾರೇಜಿನಲ್ಲಿ ಬೇರೆ ಹೆಸರು ಬಳಕೆಯಲ್ಲಿದ್ದರೆ ಅದನ್ನೂ ತಿಳಿಸಿ, ನನ್ನದನ್ನು ತೆಗೆದು ಅದನ್ನೇ ಹಾಕುತ್ತೇನೆ.