ಕ್ಯಾನ್ಸರ್ ಕೋಶಕ್ಕೆ ‘ಚಾರ್ಜ್’ ಕಡಿಮೆಯಂತೆ, ಹೌದಾ ಸರ್?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ಸರ್, ನಮ್ಮ ಚಿಕ್ಕಮ್ಮನಿಗೆ ಸ್ತನ ಕ್ಯಾನ್ಸರ್. ಮೂರನೇ ಕೀಮೋ ಮುಗಿದಿದೆ. ಮೊನ್ನೆ ಒಬ್ಬರು ಮನೆಗೇ ಬಂದು ಕರೆಂಟ್ ಮ್ಯಾಟ್ ತೋರಿಸಿದರು. ಕ್ಯಾನ್ಸರ್ ಕೋಶದ ಚಾರ್ಜ್ ಇಳಿದಿರುತ್ತದಂತೆ, ಇದರ ಮೇಲೆ ಮಲಗಿದರೆ ರೀಚಾರ್ಜ್ ಆಗುತ್ತದಂತೆ. ಬೆಲೆ 40 ಸಾವಿರ. ಕೋಶದ ಪೊರೆಯ ಕೊಬ್ಬೂ ಕೆಟ್ಟಿರುತ್ತದೆ, ಬೆಣ್ಣೆ ದೋಸೆ ಮುಟ್ಟಲೇಬೇಡಿ ಅಂದರು. ಚಿಕ್ಕಮ್ಮನಿಗೆ ಈಗ ಬಾಯಿಗೆ ಸೇರುವುದೇ ಅದೊಂದು. ನಿಜ ಎಷ್ಟು?

ಉತ್ತರ: ತಂಗಿ, ನಾನು ಬಯೋಕೆಮಿಸ್ಟ್ರಿ ಪಾಠ ಮಾಡುವವನು, ಕ್ಯಾನ್ಸರ್ ಡಾಕ್ಟರ್ ಅಲ್ಲ. ಆದರೆ ಈ ಪೊರೆ ವಿಷಯ ನನ್ನದೇ.

ಮಾರುವವರು ಪೂರ್ತಿ ಸುಳ್ಳು ಹೇಳಿಲ್ಲ, ಅದೇ ಕಷ್ಟ. ಕೋಶದ ಸುತ್ತ ಎರಡು ಪದರ ಕೊಬ್ಬಿನ ಪೊರೆ ಇದೆ. ದಪ್ಪ ಸುಮಾರು 5 ನ್ಯಾನೋಮೀಟರ್. ಒಳಗಡೆ ಮೈನಸ್, ಹೊರಗಡೆ ಪ್ಲಸ್. ನರಕೋಶದಲ್ಲಿ ವ್ಯತ್ಯಾಸ ಸುಮಾರು 70 ಮಿಲಿವೋಲ್ಟ್. ಇಷ್ಟೇನಾ ಅನ್ನಿಸುತ್ತದೆ ಅಲ್ವಾ? ಅಷ್ಟು ತೆಳು ಪೊರೆಯ ಮೇಲೆ ಲೆಕ್ಕ ಹಾಕಿ: ಸೆಂಟಿಮೀಟರಿಗೆ 1.4 ಲಕ್ಷ ವೋಲ್ಟ್! ಒಂದು ಎರಡಾಗಿ ಒಡೆದು ಜಾಸ್ತಿ ಬೆಳೆಯುವ ಕೋಶಗಳಲ್ಲಿ, ಎಷ್ಟೋ ಕ್ಯಾನ್ಸರ್ ಕೋಶಗಳಲ್ಲೂ, ಈ ವ್ಯತ್ಯಾಸ ಕಡಿಮೆ. ಆದರೆ ಅದು ಬ್ಯಾಟರಿ ಇಳಿದಂತೆ ಅಲ್ಲ. ಸೋಡಿಯಂ, ಪೊಟ್ಯಾಸಿಯಂ ಓಡಾಡುವ ಬಾಗಿಲುಗಳೇ ಬದಲಾಗಿರುತ್ತವೆ. ಮ್ಯಾಟ್ ಆ ಬಾಗಿಲು ರಿಪೇರಿ ಮಾಡುವುದಿಲ್ಲ.

ಕೊಬ್ಬಿನ ಕಥೆ ಇನ್ನೂ ಚೆಂದ. ಫಾಸ್ಫಟೈಡಿಲ್‌ಸೆರೀನ್ ಅನ್ನುವ ಮೈನಸ್ ಚಾರ್ಜಿನ ಕೊಬ್ಬೊಂದಿದೆ. ಆರೋಗ್ಯವಂತ ಕೋಶ ಇದನ್ನು ಒಳಪದರದಲ್ಲೇ ಇಟ್ಟುಕೊಳ್ಳುತ್ತದೆ. ಹೊರಗೆ ಬಂದರೆ ಪಂಪಿನಂಥ ಪ್ರೋಟೀನೊಂದು ಹಿಡಿದು ಒಳಗೆ ದಬ್ಬುತ್ತದೆ. ಸಾಯುವ ಕೋಶವಾದರೆ ಇದನ್ನು ಹೊರಗೆ ತೋರಿಸುತ್ತದೆ, ‘ನಾನು ಮುಗಿದೆ, ತಿಂದುಬಿಡಿ’ ಅಂತ. ರಕ್ಷಣಾ ಕೋಶಗಳು ಗಲಾಟೆ ಮಾಡದೆ ನುಂಗುತ್ತವೆ. ಎಷ್ಟೋ ಗಡ್ಡೆಗಳಲ್ಲಿ ಬದುಕಿರುವ ಕೋಶಗಳೇ ಈ ಬಾವುಟ ಹಾರಿಸಿ, ಸುತ್ತಲ ರಕ್ಷಣೆಯನ್ನು ತಣ್ಣಗೆ ಮಾಡಿಬಿಡುತ್ತವೆ. ಕಳ್ಳ ಪೊಲೀಸ್ ಟೋಪಿ ಹಾಕಿಕೊಂಡಂತೆ.

ಇನ್ನು ಬೆಣ್ಣೆ. ಬೆಳಿಗ್ಗೆ ಬೆಣ್ಣೆ ಗಟ್ಟಿ, ಶೇಂಗಾ ಎಣ್ಣೆ ನೀರು, ಅಲ್ವಾ? ಬೆಣ್ಣೆಯ ಕೊಬ್ಬಿನ ಎಳೆಗಳು ಜಾಸ್ತಿ ನೇರ, ಒತ್ತಾಗಿ ಕೂರುತ್ತವೆ. ಶೇಂಗಾ ಎಣ್ಣೆಯವು ಸೊಟ್ಟ. ಪೊರೆಯೂ ಹೀಗೇ ಗಟ್ಟಿ, ಸಡಿಲ ಆಗುತ್ತದೆ. ಆದರೆ ಬಹಳ ಕ್ಯಾನ್ಸರ್ ಕೋಶಗಳು ತಮಗೆ ಬೇಕಾದ ಕೊಬ್ಬನ್ನು ತಾವೇ ತಯಾರಿಸುತ್ತವೆ. ದೋಸೆ ಬಿಟ್ಟರೆ ಗಡ್ಡೆ ಸೊರಗುತ್ತದೆ ಅನ್ನುವ ಲೆಕ್ಕ ಸರಿಯಲ್ಲ. ಕೀಮೋ ಸಮಯದಲ್ಲಿ ಹೊಟ್ಟೆಗೆ ಬೀಳುವುದೇ ಮುಖ್ಯ. ನನಗೆ ಭಯ ಇರುವುದು ಹೋಟೆಲ್ ಚಟ್ನಿ ಬಗ್ಗೆ. ಬಿಳಿ ರಕ್ತಕಣ ಇಳಿದಿರುವಾಗ ಸೋಂಕು ಬೇಗ ತಗಲುತ್ತದೆ. ದೋಸೆ ಮನೆಯಲ್ಲೇ ಹುಯ್ದುಕೊಡಿ, ಚಿಕ್ಕಮ್ಮನ ಡಾಕ್ಟರನ್ನು ಒಂದು ಮಾತು ಕೇಳಿ.

ಕರೆಂಟಿನ ಚಿಕಿತ್ಸೆ ಇಲ್ಲವೇ ಇಲ್ಲ ಅಂತಲ್ಲ. ಗ್ಲಯೋಬ್ಲಾಸ್ಟೋಮಾ ಎಂಬ ಮೆದುಳಿನ ಗಡ್ಡೆಗೆ ತಲೆ ಬೋಳಿಸಿ ಪ್ಯಾಡ್ ಅಂಟಿಸಿ, 2 ಲಕ್ಷ ಹರ್ಟ್ಜ್ ವಿದ್ಯುತ್ ಕ್ಷೇತ್ರ ಕೊಡುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ಒಪ್ಪಿದೆ. ಅದು ಕೋಶ ಒಂದು ಎರಡಾಗಿ ಒಡೆಯುವುದನ್ನು ತಡೆಯುತ್ತದೆ, ರೀಚಾರ್ಜ್ ಅಲ್ಲ.

ಇನ್ನೊಬ್ಬರು: ಸರ್, ನಮ್ಮ ಮಾವ ಅಂಥದ್ದೇ ಮ್ಯಾಟ್ ಆಗಲೇ ತಗೊಂಡಿದ್ದಾರೆ. ಅವರಿಗೆ ಪೇಸ್‌ಮೇಕರ್ ಇದೆ.

ಉತ್ತರ: ಈಗಲೇ ಪ್ಲಗ್ ಕೀಳಿ. ಹೃದಯದ ಡಾಕ್ಟರಿಗೆ ಇವತ್ತೇ ಫೋನ್ ಮಾಡಿ.